ಒಂದು ನೂಲಿನಷ್ಟು ಹೆಚ್ಚು

ಕೊಕ್ಕೆ ಟಕ್ಕೆಂದು ಕೂತಿತು. ಉಮಾಪತಿಯ ಎದೆ ಧಸಕ್ಕೆಂದಿತು.

ಕೊಪ್ಪಳದಲ್ಲಿ ಮಲ್ಲೇಶ್ವರಿಯ ಮನೆಯ ಪಡಸಾಲೆ. ಮೊಳದುದ್ದದ ತಗಡಿನ ಹಳಿಯ ಮೇಲೆ, ಅವಳ ಕೆಂಪು ಆಟದ ಎಂಜಿನ್ನಿಗೆ ಅವನು ತಂದ ಹಸಿರು ಡಬ್ಬಿ ತಗಲಿಕೊಂಡು ನಿಂತಿತ್ತು. ಗಾಲಿಗಳು ಹಳಿ ಕಚ್ಚಿದ್ದವು, ಚಾವಣಿಗೆ ಚಾವಣಿ ಸಮ. ಹಾಳಾದ್ದು, ಇವತ್ತೇ ಕೂಡಬೇಕಿತ್ತೇ ಇದು?

ಮಲ್ಲೇಶ್ವರಿಯ ಅಪ್ಪ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಕೆಲಸದಲ್ಲಿದ್ದವರು. ಮಗಳಿಗೆ ಚಿಕ್ಕಂದಿನಲ್ಲಿ ಕೊಡಿಸಿದ ತಗಡಿನ ರೈಲಿನಲ್ಲಿ ಈಗ ಉಳಿದದ್ದು ಎಂಜಿನ್ ಒಂದೇ. "ಇದಕ್ಕ ಜೋಡಿ ಆಗುವಂಥ ಡಬ್ಬಿ ಸಿಕ್ಕರ ಹೇಳ್ರಿ" ಎಂದು ಗಂಗಾವತಿಯಲ್ಲಿ ಉಮಾಪತಿಯ ಪಾತ್ರೆ ಅಂಗಡಿಯಲ್ಲಿ ನಿಂತು ಅವಳು ಒಮ್ಮೆ ಹೇಳಿದ್ದೇ ತಡ, ಹೆಂಡತಿ ಸತ್ತ ಮೇಲೆ ನಗುವುದನ್ನೇ ಮರೆತಿದ್ದ ಮನುಷ್ಯ ಹೊಸಪೇಟೆ, ಹುಬ್ಬಳ್ಳಿಯ ಗುಜರಿಗಳನ್ನೆಲ್ಲ ಜಾಲಾಡತೊಡಗಿದ. ಡಬ್ಬಿ ಸಿಕ್ಕಾಗಲೆಲ್ಲ ರೈಲು ಹತ್ತಿ ಕೊಪ್ಪಳಕ್ಕೆ. ಒಂದು, ಹಳಿಗಿಂತ ಬೆರಳಗಲ ದೊಡ್ಡದು. ಇನ್ನೊಂದು, ಎಮ್ಮೆಯ ಹಿಂದೆ ಆಡಿನ ಮರಿ ನಿಂತ ಹಾಗೆ. ಇಬ್ಬರೂ ನೆಲಕ್ಕೆ ತಲೆ ಹಚ್ಚಿ ಅಳೆಯುವುದು, ನಗುವುದು, ಆಮೇಲೆ ಚಹಾ. "ಮುಂದಿನ ಸಲ ನೋಡೂಣು ತಗೋರಿ" ಅನ್ನುತ್ತಿದ್ದಳು ಅವಳು. ಆ ಮಾತು ಕೇಳಲೆಂದೇ ಬರುತ್ತಿದ್ದ, ಸುಳ್ಳೇಕೆ?

ಮದುವೆಯ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿತ್ತು. ಆದರೆ "ಅವ್ವನ್ನ ಬಿಟ್ಟು ನಾ ಎಲ್ಲಿಗೂ ಹೋಗಾಕಿ ಅಲ್ಲ" ಎಂದು ಅವಳು ಊರಿಗೆಲ್ಲ ಹೇಳಿಬಿಟ್ಟಿದ್ದಳಲ್ಲ! ಕೇಳಿ ಇಲ್ಲ ಅನ್ನಿಸಿಕೊಂಡರೆ ಈ ಚಹಾಕ್ಕೂ ಕಲ್ಲು ಬಿದ್ದಂತೆ. ಈಗ ನೋಡಿದರೆ ಡಬ್ಬಿಯೇ ಕೂಡಿಬಿಟ್ಟಿತು. ಇನ್ನು ಯಾವ ನೆಪ ಹಿಡಿದು ಈ ಮನೆಗೆ ಬರುವುದು?

"ಬರೋಬರಿ ಕೂತಂಗೈತಿ" ಎಂದ, ದನಿಯಲ್ಲಿ ಜೀವವಿಲ್ಲದೆ.

ಮಲ್ಲೇಶ್ವರಿ ಬಗ್ಗಿ ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು.

"ಇಲ್ರಿ. ಎತ್ತರ ಒಂದು ನೂಲಿನಷ್ಟು ಹೆಚ್ಚಾತು."

"ಹೌದಲ್ಲರಿ!" ಉಮಾಪತಿಗೆ ಹೋದ ಜೀವ ಬಂತು. "ನಾನೂ ಅದನ್ನ ನೋಡಾಕತ್ತಿದ್ದೆ. ಒಂದ್ಯಾಕ, ಎರಡು ನೂಲು ಹೆಚ್ಚೈತಿ! ವಾಪಸ್ ಒಯ್ತೀನಿ, ಬ್ಯಾರೆ ಹುಡುಕಿದರಾತು."

ಗೋಡೆಗೆ ಒರಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದ ಅವಳವ್ವ ಅನ್ನಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದಳು. ಯಾರನ್ನೂ ಕೇಳದೆ ಎಂಜಿನ್ನಿನ ಚಾವಣಿಯಿಂದ ಡಬ್ಬಿಯ ಚಾವಣಿಗೆ ಅಂಗೈ ಎಳೆದಳು. ಎಲ್ಲೂ ತಡೆಯಲಿಲ್ಲ.

"ಅಳತಿ ಸರಿ ಐತಿ" ಅಂದಳು. "ಸರಿ ಇಲ್ಲದ್ದು ನಿಮ್ಮಿಬ್ಬರ ಬಾಯಿ. ಅವ್ವನ್ನ ಬಿಟ್ಟು ಹೋಗಾಕಿ ಅಲ್ಲ ಅಂತ ನನ್ನ ಹೆಸರು ಹೇಳ್ಕೋತ ಇವರ ಕಡಿಂದ ಇನ್ನ ಎಷ್ಟು ಡಬ್ಬಿ ತರಸ್ತೀ, ಮಲ್ಲಿ?"