ಆರದ ಕಾವು

ಮಾವಿನ ರಸದ ಕಾರ್ಖಾನೆಯ ಮ್ಯಾನೇಜರು, ಸಿಪ್ಪೆ ಕೊಳೆಸಿ ಮಾಡಿದ ಗೊಬ್ಬರದ ಚೀಲಗಳನ್ನು ಊರ ಕಟ್ಟೆಯ ಮೇಲೆ ಪೇರಿಸಿ ಭಾಷಣ ಬಿಗಿದರು. ರೈತ ಮಹಿಳೆ ಮುನಿಯಲ್ಲಮ್ಮ ಒಂದು ಚೀಲದ ಬಾಯಿ ಬಿಚ್ಚಿ, ಒಳಗೆ ಕೈ ತೂರಿಸಿ ಥಟ್ಟನೆ ಎಳೆದುಕೊಂಡಳು.

“ಕಾವಿನ್ನೂ ಆರಿಲ್ಲ ಸ್ವಾಮಿ. ಇದನ್ನ ಹಾಕಿದ್ರೆ ನನ್ನ ಟೊಮೆಟೊ ಸಸಿ ಬೆಂದೋಗ್ತವೆ.”

“ಲ್ಯಾಬಲ್ಲಿ ಮೂರು ಜನ ವಿಜ್ಞಾನಿಗಳು ಪಾಸು ಮಾಡಿದಾರೆ ಕಣಮ್ಮ. ನಿನ್ನ ಕೈಯೇನು ಥರ್ಮಾಮೀಟರಾ?”

“ತಿಪ್ಪೆ ಕಳಿತೋ ಇಲ್ವೋ ಅಂತ ನಮ್ಮಮ್ಮನೂ ಹಿಂಗೇ ನೋಡ್ತಿದ್ಲು.”

“ಅದಕ್ಕೇ ನೀವು ಇನ್ನೂ ತಿಪ್ಪೇಲೇ ಇದೀರಿ!”

ಕಾರ್ಖಾನೆಯವರೆಲ್ಲ ಗೊಳ್ಳೆಂದು ನಕ್ಕರು. ಫೋಟೋದವನು ಕ್ಯಾಮೆರಾ ಎತ್ತಿ, “ಚೀಲದ ಮೇಲೆ ಕೂತ್ಕೊಳ್ಳಿ ಸಾರ್, ಚೆನ್ನಾಗಿ ಬರುತ್ತೆ” ಅಂದ.

ಬಾಯಿ ಬಿಚ್ಚಿದ್ದ ಅದೇ ಚೀಲದ ಮೇಲೆ ಮ್ಯಾನೇಜರು ಠೀವಿಯಿಂದ ಕೂತರು, ಫ್ಲಾಶ್ ಬೀಳುವ ಮೊದಲೇ “ಅಯ್ಯಯ್ಯಪ್ಪೋ!” ಎಂದು ಎರಡೂ ಕೈಯಲ್ಲಿ ಕುಂಡಿ ಹಿಡಿದುಕೊಂಡು ನೆಗೆದರು.