ಬದನೆ ಬೆಡಗಿನವರು

ಮದುವೆಯ ಪಂಕ್ತಿಗೆ ಎಣ್ಣೆಗಾಯಿ ಬಡಿಸಲು ಹೋಗಿದ್ದ ತಮ್ಮ ಬಸಲಿಂಗ ತುಂಬಿದ ಪಾತ್ರೆಯೊಂದಿಗೇ ಮರಳಿದ್ದನ್ನು ಕಂಡು ನೀಲವ್ವ ಸೌಟು ಕೆಳಗಿಟ್ಟಳು.

“ಒಬ್ರೂ ಹಾಕಿಸ್ಕೊಳ್ಳವಲ್ರು ಅಕ್ಕಾ. ಎಲಿಗೆ ಕೈ ಅಡ್ಡ ಹಿಡದು, ಬದನಿ ನಮ್ಮ ಬೆಡಗು, ತಿನ್ನಂಗಿಲ್ಲ ಅಂತಾರ.”

ನೀಲವ್ವ ಬಾಗಿಲಿಗೆ ಬಂದಳು. ಯಾವ ರೋಗಕ್ಕೂ ಸೊರಗದ ಅವಳ ಹಿತ್ತಲಿನ ಬದನೆ ಗಿಡದಿಂದಲೇ ರೋಗಾಣುವಿನ ಗುರುತು ಹಿಡಿಯುವ ಪ್ರೋಟೀನನ್ನು ವೈದ್ಯರು ತೆಗೆದು, ತಿದ್ದಿ, ಕೆಟ್ಟ ಜ್ವರದ ವರ್ಷ ಊರಿನ ಕೂಸುಗಳ ರಕ್ತಕ್ಕೆ ಸೇರಿಸಿದ್ದರು. ಬದುಕಿ ಬೆಳೆದವರೆಲ್ಲ ಬದನೆಯನ್ನು ತಮ್ಮ ಬೆಡಗಿನ, ಅಂದರೆ ಕುಲದ, ಗಿಡವೆಂದು ಬಗೆದು, ತಿನ್ನುವುದನ್ನೇ ಬಿಟ್ಟಿದ್ದರು.

“ಇನ್ನ ಮದುವಿಗೆ ಇದನ್ನ ಮಾಡಬ್ಯಾಡ ಬಿಡಕ್ಕ,” ಎಂದ ಬಸಲಿಂಗ.

“ಮಾಡ್ತೀನಿ. ಆ ಜ್ವರದಾಗ ಎಷ್ಟು ಮಂದಿ ಉಳದಾರ ಅಂತ ನಾ ಇನ್ಹ್ಯಾಂಗ ನೋಡ್ಲಿ? ನಡಿ, ಇನ್ನೊಮ್ಮೆ ಬಡಸಾಕ ಹೋಗು. ನಾ ಇಲ್ಲೇ ಅಡ್ಡ ಬಂದ ಕೈ ಎಣಸ್ಕೋತ ನಿಂತಿರ್ತೀನಿ.”