ಪದಕ ಬಂದ ಜಡೆ

ಲೋಕಮ್ಮ ಮಲ್ಲಿಗೆ ಮೊಗ್ಗು, ಕನಕಾಂಬರ ತುಂಬಿದ ಬುಟ್ಟಿಯನ್ನು ನಾದಿನಿಯ ಮುಂದಿಟ್ಟಳು. ಅದರ ಪಕ್ಕಕ್ಕೆ, ಸೆರಗಿನ ಮರೆಯಲ್ಲಿ ತಂದಿದ್ದ ಒಂದು ಚೌರಿಯನ್ನೂ ಇಟ್ಟಳು. ಎಣ್ಣೆ ಸವರಿ ಬಾಚಿದ, ಮಾರುದ್ದದ ಸುಳ್ಳುಗೂದಲು.

“ವನಜನ ಕೂದ್ಲೇ ಮಂಡಿ ಮುಟ್ತದಲ್ಲ ಅತ್ಗೆ. ಚೌರಿ ಎಂತಕ್ಕೆ?” ಎಂದಳು ಬಂಗಾರಮ್ಮ.

ಮರುದಿನ ಲೋಕಮ್ಮನ ಮಗಳು ವನಜಳ ಮದುವೆ. ಲೋಕಮ್ಮ ಗೋಡೆಯ ಗೂಡಿನ ಕಡೆ ನೋಡಿದಳು. ಅಲ್ಲಿ ದೇವರ ಪಟದ ಪಕ್ಕ ಬೆಳ್ಳಿಯ ಪದಕವೊಂದಿತ್ತು. ಐವತ್ತೆಂಟರ ಬೇಸಿಗೆಯಲ್ಲಿ ಸಿನಿಮಾದವರು ಚಂದ್ರಗುತ್ತಿ ಬೆಟ್ಟದ ಬುಡದಲ್ಲಿ ಮದುವೆಯ ದೃಶ್ಯ ತೆಗೆಯುವಾಗ, ಮದರಾಸಿನ ಮೇಕಪ್ ಮೇಷ್ಟ್ರು ರೇಷ್ಮೆ ದಾರದಲ್ಲಿ ಕಟ್ಟಿದ ಮೊಗ್ಗಿನ ಜಡೆ ಬಿಸಿಲಿಗೆ ಮೂರು ಸಲ ಉದುರಿತ್ತು. ಆಗ ಯಾರೋ ಸೊರಬದ ಬಂಗಾರಮ್ಮನ ಹೆಸರು ಹೇಳಿದರು. ಒಂದು ಕಾಲಕ್ಕೆ ಸುತ್ತಿನ ಮದುವಣಗಿತ್ತಿಯರೆಲ್ಲ ಅವಳ ಮುಂದೆ ಬೆನ್ನು ಕೊಟ್ಟು ಕೂತವರೇ. ಗಂಡ ಸತ್ತ ಮೇಲೆ ಎಂಟು ವರ್ಷ ಯಾರೂ ಅವಳನ್ನು ಕರೆದಿರಲಿಲ್ಲ. ಸಿನಿಮಾಕ್ಕೆ ಮಾತ್ರ ಊರವರು ಅಡ್ಡ ಬರಲಿಲ್ಲ. ನಾಟಕದ ಮದುವೆ, ನಾಟಕದ ಮದುಮಗಳು, ಅದಕ್ಕೆ ಯಾವ ದೋಷ? ಅವಳು ಒದ್ದೆ ಬಾಳೆನಾರಿನಲ್ಲಿ ಕಟ್ಟಿದ ಜಡೆ ಸಂಜೆಯವರೆಗೂ ಒಂದು ಮೊಗ್ಗೂ ಉದುರದೆ ನಿಂತಿತು. ಈ ವರ್ಷ ಬೆಂಗಳೂರಿನ ಚಿತ್ರರಸಿಕರ ಸಂಘವೊಂದು ಆ ಸಿನಿಮಾದ ಮೇಕಪ್ಪಿಗೂ ಕೇಶಾಲಂಕಾರಕ್ಕೂ ಸೇರಿಸಿ ಪದಕ ಕೊಟ್ಟಿತು. ಮೇಷ್ಟ್ರು ಅದನ್ನು ಅಂಚೆಯಲ್ಲಿ ಇಲ್ಲಿಗೇ ಕಳಿಸಿದರು. ಜೊತೆಗೊಂದು ಚೀಟಿ: ‘ಜನ ಚಪ್ಪಾಳೆ ಹೊಡೆದದ್ದು ಜಡೆಗೆ ತಾಯಿ, ನಾನು ಬಳಿದ ಬಣ್ಣಕ್ಕಲ್ಲ.’

“ಶಿಕಾರಿಪುರದ ಬೀಗ್ರು ಶಿರಾಳಕೊಪ್ಪದ ಟೆಂಟಲ್ಲಿ ಆ ಸಿನಿಮಾ ನೋಡಿದಾರಂತೆ,” ಲೋಕಮ್ಮ ಕೊನೆಗೂ ಬಾಯಿ ಬಿಟ್ಟಳು. “‘ನಮಗೆ ಪದಕ ಬಂದ ಜಡೇನೇ ಆಗ್ಬೇಕ್ರೀ’ ಅಂತ ಹೇಳಿ ಕಳ್ಸಿದಾರೆ.”

ಬಂಗಾರಮ್ಮನ ಮುಖ ಬೆಳಗಿತು. ನಾಲ್ಕು ವರ್ಷದ ವನಜ ತೊಡೆಯ ಮೇಲೆ ಕೂತು, ‘ಅತ್ತೆ, ನನ್ ಮದ್ವೆಗೆ ನೀನೇ ಜಡೆ ಹಾಕ್ಬೇಕು, ಆಣೆ ಮಾಡು’ ಎಂದು ಅಂಗೈ ಚಾಚುತ್ತಿದ್ದದ್ದು ನೆನಪಾಯಿತು. “ಕೋಳಿ ಕೂಗೋದ್ರೊಳಗೆ ನಾನೇ ಬಂದ್ಬಿಡ್ತೀನಿ ಅತ್ಗೆ. ನೀನು ಅವಳಿಗೆ ತಲೆ ಮೇಲೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿಸಿ ಕೂರ್ಸು, ಸಾಕು.”

“ಬ್ಯಾಡ ಬಂಗಾರಿ.” ಲೋಕಮ್ಮ ಚೌರಿಯನ್ನು ಮುಂದಕ್ಕೆ ಸರಿಸಿದಳು. “ಇದ್ರ ಮೇಲೆ ಇಲ್ಲೇ ಕಟ್ಟಿಕೊಡು. ಬೆಳಿಗ್ಗೆ ಯಾರಾದ್ರೂ ಮುತ್ತೈದೆ ಅವಳ ತಲೆಗೆ ಬಿಗೀತಾಳೆ.”

“ಜಡೆ ಬೇಕು, ಕೈ ಬ್ಯಾಡ ಅಂದ್ರಾ ಬೀಗ್ರು?”

“ಅವರು ಅನ್ಲಿಲ್ಲ. ಅವರು ಅನ್ನೋದ್ರೊಳಗೆ ನಾನೇ ಅಂದೆ.” ಲೋಕಮ್ಮನ ಕಣ್ಣು ತುಂಬಿತ್ತು. “ನಾಳೆ ಆ ಮನೇಲಿ ಹುಡ್ಗೀಗೆ ಒಂದು ತಲೆನೋವು ಬಂದ್ರೂ ನಿನ್ನ ಹೆಸರೇ ಹಿಡೀತಾರೆ. ನಾನು ಹೆತ್ತೋಳು ಕಣೇ.”

“ಸಿನಿಮಾದವಳಿಗೆ ಏನೂ ಆಗ್ಲಿಲ್ಲ.”

“ಅವಳದ್ದು ಸುಳ್ಳು ಮದುವೆ.”

“ಕೂದ್ಲು ನಿಜದ್ದೇ ಇತ್ತು ಅತ್ಗೆ.”

ಬುಟ್ಟಿಯ ಮೊಗ್ಗುಗಳು ಮೆಲ್ಲಗೆ ಬಾಯಿ ತೆರೆಯುವ ಹವಣಿಕೆಯಲ್ಲಿದ್ದವು. ಇನ್ನು ತಡಮಾಡಿದರೆ ಕಟ್ಟಲು ಬರುವುದಿಲ್ಲ.

“ವನಜ ಏನಂದ್ಲು?”

“ಬೆಳಗ್ಗಿಂದ ಊಟ ಮುಟ್ಟಿಲ್ಲ.” ಲೋಕಮ್ಮ ಮೂಗೊರೆಸಿಕೊಂಡು ಗೂಡಿನತ್ತ ಕೈ ತೋರಿಸಿದಳು. “ಆ ಪದಕಾನ ಜಡೆ ಕುಚ್ಚಿಗೆ ಕಟ್ಟಿದ್ರೆ ಹೆಂಗೆ? ನಾಲ್ಕು ಜನ ನೋಡ್ತಾರೆ.”

“ನಾನು ಮುಟ್ಟಿದ ಪದಕ ಆಗ್ತದಾ?”

“ಬೆಳ್ಳಿಗೆ ದೋಷ ಇಲ್ಲ ಬಿಡು.”

ಬಂಗಾರಮ್ಮ ಎದ್ದು ಪದಕ ತಂದು, ಅತ್ತಿಗೆಯ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಒಳಗಿನಿಂದ ಸೂಜಿ, ನೆನೆಸಿದ ಬಾಳೆನಾರು ತಂದಳು. ಮೊಗ್ಗಿನ ಜಡೆಯನ್ನು ನೆಲದ ಮೇಲಿಟ್ಟು ಕಟ್ಟಲಾಗದು. ತಲೆ ಎಷ್ಟು ಎಳೆಯುತ್ತದೋ ಅಷ್ಟು ಬಿಗಿ ಕೊಡಬೇಕು. ಅವಳು ಚೌರಿಯನ್ನು ನಡುಮನೆಯ ಕಂಬಕ್ಕೆ ಕಟ್ಟಿದಳು, ಕೂತ ಹುಡುಗಿಯ ತಲೆ ಬರುವಷ್ಟೇ ಎತ್ತರಕ್ಕೆ. ಕಂಬದ ಹಿಂದೆ ಮಂಡಿಯೂರಿ ಕೂತು, ಮೊದಲ ಮೊಗ್ಗನ್ನು ಕಣ್ಣಿಗೊತ್ತಿಕೊಂಡು ಸೂಜಿ ಚುಚ್ಚಿದಳು.

ಒಂದು ಸಾಲು ಬಿಳಿ, ಒಂದು ಸಾಲು ಕನಕಾಂಬರ, ಮತ್ತೆ ಬಿಳಿ. ಮಂತ್ರಕ್ಕೆ ಸಿಕ್ಕಿ ಮರವಾದವಳೊಬ್ಬಳು ನೆತ್ತಿಯಿಂದ ಒಂದೊಂದೇ ಗೇಣು ಮತ್ತೆ ಹೆಣ್ಣಾಗುತ್ತಿರುವಂತೆ ಕಾಣುತ್ತಿತ್ತು. ಲೋಕಮ್ಮ ಗೋಡೆಗೊರಗಿ ಮಾತಾಡುತ್ತಲೇ ಇದ್ದಳು: ಅಡುಗೆಯವರು ಬೆಲ್ಲ ಸಾಲದು ಅಂತಾರೆ, ಬೀಗರ ಕಡೆಯಿಂದ ಎರಡು ಬಸ್ಸಿನ ಜನ ಬರ್ತಾರಂತೆ, ಚಪ್ಪರಕ್ಕೆ ಮಾವಿನ ಸೊಪ್ಪು ಇನ್ನೂ ಬಂದಿಲ್ಲ.

ಕುತ್ತಿಗೆಯ ಹತ್ತಿರ ಬಂದಾಗ ಬಂಗಾರಮ್ಮನ ಕೈ ನಿಧಾನವಾಯಿತು. ಅಲ್ಲಿ ಸಾಲು ಸಡಿಲ ಬಿಡಬೇಕು, ಇಲ್ಲವಾದರೆ ತಾಳಿ ಕಟ್ಟಿಸಿಕೊಳ್ಳಲು ಬಗ್ಗಿದಾಗ ಮೊಗ್ಗು ಮುರಿಯುತ್ತದೆ. ಅವಳು ಎಡಗೈಯನ್ನು ಕಂಬದ ಮೇಲೆ ಮೆತ್ತಗೆ ಇಟ್ಟಳು.

“ಒಂಚೂರು ತಲೆ ಬಗ್ಸೇ ವನಜಾ,” ಎಂದಳು. “ಎಳೆದ್ರೆ ನೋಯ್ತದಾ?”

ಲೋಕಮ್ಮನ ಮಾತು ನಿಂತಿತು. ಬಂಗಾರಮ್ಮ, ಕಂಬ ಉತ್ತರ ಕೊಡುವಷ್ಟು ಹೊತ್ತು ಕಾದು, ಮುಂದಿನ ಮೊಗ್ಗು ತೆಗೆದುಕೊಂಡಳು.